ಒಣ ಕಲ್ಲಲ್ಲಿ ಪಾಸ್, ಹಸಿ ಕಲ್ಲಲ್ಲಿ ಫೇಲ್: ಜಂಬಿಟ್ಟಿಗೆ ಮೆಷಿನ್ ಜೊತೆ ಮೂರು ಸೀಸನ್

ಸಾಗರದ ಕಡೆ ನನ್ನದೊಂದು ಸಣ್ಣ ಜಂಬಿಟ್ಟಿಗೆ ಕ್ವಾರಿ ಇದೆ, ಗೋಡೆ ಕಟ್ಟುವ ಕೆಂಪು ಕಲ್ಲಿನದು. ಕಲ್ಲು ಕೊಯ್ಯುವ ಮೆಷಿನ್ ತಗೊಂಡು ಮೂರು ಸೀಸನ್ ಆಯಿತು. ಮೋಟಾರಿನ ಎಚ್‌ಪಿ, ಬ್ಲೇಡಿನ ಅಳತೆ ಎಲ್ಲ ಕೊಟೇಶನ್ನಿನಲ್ಲೇ ಇರುತ್ತೆ, ಅದನ್ನು ಬಿಡಿ. ಕೊಟೇಶನ್ನಿನಲ್ಲಿ ಬರೆಯದೇ ಇದ್ದ ಒಂದು ಸಂಗತಿ ನನ್ನ ಮೊದಲ ಸೀಸನ್ನನ್ನೇ ತಿಂದು ಹಾಕಿತು. ಅದಕ್ಕೇ ಈ ಬರಹ.

ಖರೀದಿಗೆ ಹೋದ ದಿನ ಶೆಡ್ಡಿನ ಎದುರು ಒಂದಷ್ಟು ಕಲ್ಲು ಒತ್ತಾಗಿ ಜೋಡಿಸಿ ಕೊಯ್ದು ತೋರಿಸಿದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ನಾನು ಮರುಳಾದೆ. ಒಂದು ವರ್ಷದ ಅಡಿಕೆ ದುಡ್ಡು ಪೂರ್ತಿ ಅದಕ್ಕೇ ಹೋಯಿತು, ಮೇಲೆ ಸೊಸೈಟಿ ಸಾಲ ಬೇರೆ. ಕೊಯ್ದು ತೋರಿಸಿದ್ದೆಲ್ಲ ಯಾವತ್ತೋ ತೆಗೆದು ಬಿಸಿಲಲ್ಲಿ ಒಣಗಿದ ಕಲ್ಲು ಅಂತ ಆಗ ಹೊಳೆಯಲೇ ಇಲ್ಲ.

ಜಂಬಿಟ್ಟಿಗೆ ಗುಣ ಗೊತ್ತಲ್ಲ? ನೆಲದಲ್ಲಿದ್ದಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಬುಕಾನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಈ ಗುಣ ನೋಡಿಯೇ. ಲ್ಯಾಟಿನ್ನಿನಲ್ಲಿ ‘ಲ್ಯಾಟರ್’ ಅಂದರೆ ಇಟ್ಟಿಗೆ. ನಮ್ಮ ಹೆಸರಲ್ಲೂ ಇಟ್ಟಿಗೆ ಕೂತಿದೆ, ಅಲ್ವಾ? ಇರಲಿ.

ಮಳೆ ಬಿಟ್ಟು ನವೆಂಬರಿನಲ್ಲಿ ಕ್ವಾರಿ ಶುರು ಮಾಡಿದೆವು. ಮೇಲಿನ ಪದರ ಹೇಗೋ ಆಯಿತು. ಒಂದಾಳು ಆಳಕ್ಕೆ ಇಳಿದ ಮೇಲೆ ತಮಾಷೆ ಶುರು. ಅಲ್ಲಿ ಕಲ್ಲಿನ ತೂತುಗಳಲ್ಲೆಲ್ಲ ನೀರು ಕುಡಿದ ಶೇಡಿಮಣ್ಣು. ಕೊಯ್ದ ಪುಡಿ ಪುಡಿಯಾಗಿ ಹಾರದೆ ರಾಗಿ ಅಂಬಲಿಯ ಹಾಗೆ ಬ್ಲೇಡಿನ ಹಲ್ಲುಗಳ ಸಂದಿಗೆ ಮೆತ್ತಿಕೊಳ್ಳುತ್ತಿತ್ತು. ಹಲ್ಲು ಮುಚ್ಚಿಹೋದರೆ ಬ್ಲೇಡು ಕೊಯ್ಯುವುದಿಲ್ಲ, ಸುಮ್ನೆ ಉಜ್ಜುತ್ತೆ. ಬೆಲ್ಟು ಜಾರಿ ಸುಟ್ಟ ರಬ್ಬರ್ ವಾಸನೆ. ಆಫ್ ಮಾಡು, ಹಳೇ ಕತ್ತಿಯಿಂದ ಕೆರೆ, ಮತ್ತೆ ಆನ್ ಮಾಡು. ಹತ್ತು ನಿಮಿಷಕ್ಕೊಮ್ಮೆ ಇದೇ ಕೆಲಸ. ಮೆಷಿನ್ ಮಾರಿದವರಿಗೆ ಫೋನ್ ಮಾಡಿದರೆ ‘ನಿಮ್ಮ ಆಪರೇಟರಿಗೆ ಬರಲ್ಲ ಬಿಡಿ’ ಅಂದರು. ಆ ಮಾತು ಇನ್ನೂ ಹೊಟ್ಟೆಯಲ್ಲಿದೆ.

ಆ ‘ಬರದ’ ಆಪರೇಟರೇ ದಾರಿ ಹುಡುಕಿದ. ಒಂದು ಮಧ್ಯಾಹ್ನ ಬ್ಲೇಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ, ‘ಅಯ್ಯಾ, ಇದಕ್ಕೆ ಬಾಯಿ ತುಂಬ ಹಲ್ಲು. ತುತ್ತು ಇಡೋಕೇ ಜಾಗ ಇಲ್ಲ’ ಅಂದ. ನಮ್ಮ ಬ್ಲೇಡಿನ ಹಲ್ಲುಗಳು, ಅಂದರೆ ಕಾರ್ಬೈಡ್ ಟಿಪ್ಪುಗಳು, ಬೋಲ್ಟ್ ಹಾಕಿ ಕೂರಿಸಿದವು. ಒಂದು ಬಿಟ್ಟು ಒಂದನ್ನು ಬಿಚ್ಚಿದೆವು, ತೂಕ ಎರಡೂ ಕಡೆ ಸಮ ಇರುವ ಹಾಗೆ. ಸಂದಿ ಅಗಲವಾಯಿತು, ಕೆಸರು ಹೊರಗೆ ಬಿತ್ತು. ಉಳಿದ ಹಲ್ಲಿನ ಮೇಲೆ ಭಾರ ಜಾಸ್ತಿ, ಹಾಗಾಗಿ ಹಳಿ ಮೇಲೆ ಓಡುವ ಮೆಷಿನ್ ಗಾಡಿಯನ್ನು ನಿಧಾನ ತಳ್ಳಬೇಕು. ಆದರೂ ಮೆಷಿನ್ ನಿಲ್ಲುವುದಿಲ್ಲ. ಜನವರಿಯಲ್ಲಿ ಕ್ವಾರಿ ಒಣಗಿದ ಮೇಲೆ ಎಲ್ಲಾ ಹಲ್ಲೂ ವಾಪಸ್. ಇಷ್ಟನ್ನು ಮೆಷಿನ್ ಮಾಡಿದವರೇ ಒಂದು ದಿನ ಹಸಿ ಕ್ವಾರಿಗೆ ಬಂದು ನೋಡಿದ್ದರೆ ಸಾಕಿತ್ತು.

ಬೈದದ್ದು ಸಾಕು. ಈಗ ಬೆಳಿಗ್ಗೆಯ ಕೆಲಸ ನನಗೆ ಒಂದು ಚಟವೇ ಆಗಿದೆ. ಏಳು ಗಂಟೆಗೆ ಮಂಜು ಇನ್ನೂ ಗುಂಡಿಯಲ್ಲೇ ಇರುತ್ತೆ. ನೀರು ತುಂಬಿದ ಟ್ಯೂಬು ಹಿಡಿದು ಎರಡೂ ಹಳಿಗಳ ಮಟ್ಟ ನೋಡುತ್ತೇವೆ, ತಗ್ಗಿದ ಕಡೆ ಕಲ್ಲಿನ ಚಕ್ಕೆ ತುರುಕುತ್ತೇವೆ. ಆಮೇಲೆ ಜನರೇಟರ್ ಹಾಕುವ ಮೊದಲು ನಾನು ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಹಲ್ಲು ತಟ್ಟುತ್ತಾ ಬ್ಲೇಡನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸುತ್ತೇನೆ. ಬಿಗಿ ಇದ್ದದ್ದು ‘ಟಣ್’ ಅನ್ನುತ್ತೆ. ಸಡಿಲಾದದ್ದು ಒಡಕು ಮಡಕೆಯ ಹಾಗೆ ‘ಟಪ್’. ಹಲ್ಲಿನ ಪಕ್ಕ ಸವೆದಿದೆಯಾ ಅಂತ ಹೆಬ್ಬೆರಳಲ್ಲಿ ಮುಟ್ಟಿ ನೋಡಬೇಕು. ಹಲ್ಲು ಬ್ಲೇಡಿನ ತಟ್ಟೆಗಿಂತ ದಪ್ಪ ಇರಲೇಬೇಕು, ಇಲ್ಲದಿದ್ದರೆ ತಟ್ಟೆಯೇ ಕಲ್ಲಿಗೆ ತಿಕ್ಕಿ ಕಾದು ಸೊಟ್ಟಗಾಗುತ್ತೆ. ಬೇರಿಂಗಿಗೆ ದಿನಾ ಗ್ರೀಸ್. ಕೆಂಪು ಧೂಳು ಎಲ್ಲಿಗೂ ನುಗ್ಗುತ್ತೆ, ಟೀ ಫ್ಲಾಸ್ಕಿನ ಮುಚ್ಚಳದೊಳಗೂ. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು, ಒಳ್ಳೆಯ ಮಾಸ್ಕ್ ತಗೊಳ್ಳಿ.

ನಾನು ಎಣಿಸದೇ ಇದ್ದ ಲಾಭ ಸಿಕ್ಕಿದ್ದು ಗಾರೆಯವರಿಂದ. ಪಿಕಾಸಿ, ಕೊಡಲಿ ಹಿಡಿದು ಕೈಯಲ್ಲಿ ತೆಗೆಯುತ್ತಿದ್ದಾಗ ಕಲ್ಲು ಒಂದರ ಹಾಗೆ ಒಂದಿರುತ್ತಿರಲಿಲ್ಲ. ಈಗ ಉದ್ದ ಅಡ್ಡ ಗೀರಿ, ಇನ್ನೊಂದು ಮೆಷಿನ್ನಲ್ಲಿ ಅಡಿ ಕೊಯ್ದು ಹಾರೆಯಿಂದ ಮೀಟಿದರೆ ಆರೂ ಮುಖ ಸಾಪಾಗಿ ಏಳುತ್ತೆ. ‘ಸಿಮೆಂಟು ಉಳೀತು ಮಾರಾಯ್ರೆ, ಹೊರಗಡೆ ಗಿಲಾಯಿನೂ ಬೇಡ’ ಅಂದರು ನಮ್ಮೂರಿನ ಮೇಸ್ತ್ರಿ. ಹೊಸ ಮನೆಯವರು ಈಗ ಗೋಡೆಯನ್ನು ಹಾಗೇ ಕೆಂಪಗೆ ಬಿಡುತ್ತಿದ್ದಾರೆ.

ತಗೋಬೇಕಾ ಅಂದರೆ, ವರ್ಷಕ್ಕೆ ನಾಲ್ಕೈದು ಲೋಡು ತೆಗೆಯುವವರಿಗೆ ಖಂಡಿತ ಬೇಡ, ಬಾಡಿಗೆಗೆ ತರಿಸಿ. ಜನರೇಟರಿಗೆ ದುಡ್ಡಿಲ್ಲದವರಿಗೂ ಬೇಡ, ನಮ್ಮ ಕಡೆ ತ್ರೀ ಫೇಸ್ ಕರೆಂಟು ಬರುವುದು ಅದಕ್ಕೆ ಮನಸ್ಸಾದಾಗ. ನನಗಂತೂ ಸಾಲ ತೀರುತ್ತಾ ಬಂತು, ಮಾರುವ ಯೋಚನೆ ಇಲ್ಲ.

ಹೋದ ವಾರ ಹೊಸನಗರದ ಭಾವ ಇಂಥದ್ದೇ ಮೆಷಿನ್ ನೋಡೋಕೆ ಹೊರಟಿದ್ದರು. ಬೆಳಿಗ್ಗೆಯಷ್ಟೇ ಗುಂಡಿಯಿಂದ ಎತ್ತಿದ ನಾಲ್ಕು ಕಲ್ಲನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಅವರ ಜೀಪಿಗೆ ಹಾಕಿದೆ. ‘ಇದನ್ನೇ ಕೊಯ್ದು ತೋರಿಸಿ ಅನ್ನಿ ಭಾವ, ಅವರ ಮುಖ ಹೇಗಾಯ್ತು ಅಂತ ಫೋನ್ ಮಾಡಿ’ ಅಂದಿದ್ದೇನೆ.