ಬುಧವಾರದ ಫೋನಿಗೆ ಕೊಟ್ಟ ದುಡ್ಡು: ಸಕ್ಕರೆ ಕಾಯಿಲೆ ಆರೈಕೆ ಯೋಜನೆಯಲ್ಲಿ ಎರಡು ವರ್ಷ

ಕೋಲಾರದ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸಿನ ದರ ಎರಡು ಸಾವಿರ ರೂಪಾಯಿ ದಾಟಿ ಊರೆಲ್ಲ ಅದೇ ಮಾತಾಗಿದ್ದಾಗ ನನ್ನ ರಕ್ತದಲ್ಲೂ ಒಂದು ದರ ಏರಿ ಕೂತಿತ್ತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.4, ಏಳರ ಒಳಗಿದ್ದರೆ ಒಳ್ಳೆಯದೆಂದು ವೈದ್ಯರು ಹೇಳುವ ಸಂಖ್ಯೆ ಅದು. ಊರಿನ ಒಂದು ಖಾಸಗಿ ಕ್ಲಿನಿಕ್‌ನ ವಾರ್ಷಿಕ ಆರೈಕೆ ಯೋಜನೆಗೆ ಸೇರಿದ್ದು ಆಗಲೇ. ಹೆಸರು ಬರೆಯುವುದಿಲ್ಲ. ಬರೆದರೆ ಹೊಗಳಿದ್ದು ಜಾಹೀರಾತಾಗುತ್ತದೆ, ತೆಗಳಿದ್ದು ಜಗಳವಾಗುತ್ತದೆ.

ವರ್ಷಕ್ಕೆ 9,600 ರೂಪಾಯಿ. ಮೂರು ತಿಂಗಳಿಗೊಮ್ಮೆ ವೈದ್ಯರ ಭೇಟಿ ಮತ್ತು ರಕ್ತ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು, ಮೂತ್ರ, ಪಾದದ ತಪಾಸಣೆ, ಆಹಾರ ತಜ್ಞೆಯ ಸಲಹೆ, ಬೆರಳು ಚುಚ್ಚಿ ಸಕ್ಕರೆ ನೋಡುವ ಒಂದು ಗ್ಲುಕೋಮೀಟರ್, ಒಂದು ಆ್ಯಪ್, ಪ್ರತಿ ಬುಧವಾರ ನರ್ಸ್ ಒಬ್ಬರ ಫೋನು. ಮಾತ್ರೆ, ಸ್ಟ್ರಿಪ್‌ಗಳು ನಮ್ಮದೇ ಖರ್ಚು. ಸೇರುವಾಗ ಆ ಫೋನನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬೆಳಗ್ಗೆ ಆರಕ್ಕೆ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಮನೆ ಬಿಡುತ್ತಿದ್ದೆ. ಹರಾಜಿನ ಗದ್ದಲ ಮುಗಿದು ಹೊಟ್ಟೆಗೆ ಏನಾದರೂ ಬೀಳುವಾಗ ಹನ್ನೊಂದು. ಸೇರಿದ ಎರಡನೇ ತಿಂಗಳಲ್ಲಿ ಒಂದು ದಿನ ಕೈ ನಡುಗಿ, ಅಂಗಿ ಬೆವರಿನಲ್ಲಿ ತೊಯ್ದು, ರೈತರೊಬ್ಬರ 51 ಬಾಕ್ಸನ್ನು 15 ಎಂದು ಬರೆದುಬಿಟ್ಟೆ. ಅವರು ಬಿಟ್ಟಾರೆಯೇ! ಮಾಲೀಕರಿಂದ ಬೈಸಿಕೊಂಡು, ಸಕ್ಕರೆ ಹಾಕಿದ ಟೀ ಕುಡಿದ ಮೇಲೆ ಸುಧಾರಿಸಿಕೊಂಡೆ. ಬುಧವಾರ ಸಿಸ್ಟರ್ ಫೋನ್ ಮಾಡಿ ಏನಾದರೂ ತೊಂದರೆಯಿದೆಯೇ ಎಂದಾಗ ಇಲ್ಲ ಎಂದೆ. ಆಕೆ ಅಷ್ಟಕ್ಕೆ ಬಿಡಲಿಲ್ಲ. "ಮಾತ್ರೆ ತೆಗೆದುಕೊಂಡ ಮೇಲೆ ತಿಂಡಿ ಎಷ್ಟು ಹೊತ್ತಿಗೆ ಅಣ್ಣ?" ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ನಾವು ಉಂಡರೂ ಉಣ್ಣದಿದ್ದರೂ ಆ ಮಾತ್ರೆ ದೇಹದಿಂದ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆಯಂತೆ; ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕುಸಿಯದೆ ಇನ್ನೇನಾಗುತ್ತದೆ? ಮರುದಿನವೇ ವೈದ್ಯರು ಮಾತ್ರೆಯ ಪ್ರಮಾಣ ಇಳಿಸಿ, ತಿಂಡಿಯ ಹೊತ್ತಿಗೇ ತೆಗೆದುಕೊಳ್ಳಲು ಹೇಳಿದರು. ಅಂದಿನಿಂದ ಗಲ್ಲಾಪೆಟ್ಟಿಗೆಯಲ್ಲಿ ಸಕ್ಕರೆಯ ಪೊಟ್ಟಣ ಇದೆ. ಮೀಟರಿನಲ್ಲಿ 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯುವುದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಅದಕ್ಕೆ ಮೊದಲು ಆರು ವರ್ಷ ಬೇರೆ ಬೇರೆ ಕಡೆ ತೋರಿಸಿದ್ದೆ. ನನ್ನ ತಿಂಡಿಯ ಹೊತ್ತನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ರಾಗಿ ತಿನ್ನುವವರಿಗೆ ಸಕ್ಕರೆಯ ಭಯವಿಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ. ಆಹಾರ ತಜ್ಞೆ ವಾದಕ್ಕೆ ಇಳಿಯದೆ, ಊಟವಾಗಿ ಎರಡು ಗಂಟೆಗೆ ನೀವೇ ಬೆರಳು ಚುಚ್ಚಿ ನೋಡಿ ಎಂದರು. ಎರಡು ಮುದ್ದೆ, ಬರೀ ಸಾರು: 236. ಮರುದಿನ ಒಂದೇ ಮುದ್ದೆ, ಬಸ್ಸಾರಿನ ಜೊತೆ ಬಸಿದ ಸೊಪ್ಪು ಕಾಳಿನ ಪಲ್ಯ ತಟ್ಟೆಯ ಅರ್ಧದಷ್ಟು: 171. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗಿದ್ದಕ್ಕೆ ಲೆಕ್ಕ ಸಿಗುವುದಿಲ್ಲ. ಲೆಕ್ಕ ಬರೆಯುವವನಿಗೇ ಅದು ಅಷ್ಟು ವರ್ಷ ಹೊಳೆದಿರಲಿಲ್ಲ.

ಗ್ಲುಕೋಮೀಟರ್ ಚೆನ್ನಾಗಿಯೇ ಇದೆ, ಒಮ್ಮೆ ಮಾತ್ರ ಬೆದರಿಸಿತು. ಶ್ರೀನಿವಾಸಪುರದ ನೆಂಟರು ಕಳುಹಿಸಿದ ಮಾವಿನ ಹಣ್ಣನ್ನು ಮಕ್ಕಳಿಗೆ ಹೆಚ್ಚಿಕೊಟ್ಟು, ಒಂದು ಹೋಳೂ ಬಾಯಿಗೆ ಹಾಕದೆ ಪರೀಕ್ಷೆ ಮಾಡಿದರೆ 291! ಸಿಸ್ಟರ್‌ಗೆ ಫೋನ್ ಮಾಡಿದೆ. "ಕೈ ತೊಳೆದಿರಾ?" ಎಂದರು. ಸೋಪು ಹಚ್ಚಿ ತೊಳೆದು, ಒರೆಸಿಕೊಂಡು ನೋಡಿದಾಗ 152. ಮೀಟರ್ ಅಳೆದದ್ದು ಬೆರಳಿಗೆ ಅಂಟಿದ್ದ ಮಾವಿನ ರಸವನ್ನು.

ಪಾದದ ತಪಾಸಣೆಯಲ್ಲಿ ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ತಿಳಿಯಿತೇ ಎಂದು ಕೇಳುತ್ತಾರೆ. ಎಡಗಾಲಿನ ಹೆಬ್ಬೆರಳಿನಲ್ಲಿ ಎರಡು ಸಲ ನನಗೆ ತಿಳಿಯಲಿಲ್ಲ. ಅಂಥ ಕಾಲಿಗೆ ಗಾಯವಾದರೂ ಗೊತ್ತಾಗದು. ಮಂಡಿಯ ಒದ್ದೆ ನೆಲದಲ್ಲಿ ಹವಾಯಿ ಚಪ್ಪಲಿ ಬಿಟ್ಟು ಬೂಟು ಹಾಕಿದ್ದು ಆಮೇಲೆ.

ಇನ್ನು ತಕರಾರು. ಆ್ಯಪ್ ದಂಡ. ಕನ್ನಡ ಆರಿಸಿದರೂ ಅರ್ಧ ಇಂಗ್ಲಿಷಿನಲ್ಲೇ ಮಾತನಾಡುತ್ತದೆ. ಮೊಬೈಲ್ ಬದಲಿಸಿದಾಗ ಎಂಟು ತಿಂಗಳ ಅಂಕಿಗಳು ಮಾಯವಾದವು. ನಾನು ಮಂಡಿಯ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟದ್ದೇ ಉಳಿದದ್ದು. ಅದಕ್ಕಿಂತ ದೊಡ್ಡ ದೂರು: ಎರಡನೇ ವರ್ಷ ಸಿಸ್ಟರ್ ಕೆಲಸ ಬಿಟ್ಟು ಹೋದರು, ಕ್ಲಿನಿಕ್ ಹೇಳಲೇ ಇಲ್ಲ. ನಾಲ್ಕು ತಿಂಗಳು ವಾರಕ್ಕೊಂದು ಹೊಸ ದನಿ, ಒಂದೇ ಪಟ್ಟಿಯ ಪ್ರಶ್ನೆಗಳು, ಅದೂ ಹರಾಜಿನ ಹೊತ್ತಿಗೇ ಸರಿಯಾಗಿ. ನಾನೂ ಎಲ್ಲದಕ್ಕೂ "ಹ್ಞೂಂ, ಚೆನ್ನಾಗಿದ್ದೇನೆ" ಎನ್ನತೊಡಗಿದೆ. 7.1ಕ್ಕೆ ಇಳಿದಿದ್ದ ಎಚ್‌ಬಿಎ1ಸಿ 7.8ಕ್ಕೆ ಏರಿತು. ತಪ್ಪು ಅವರದೊಬ್ಬರದೇ ಎನ್ನಲಾರೆ, ಅದು ಮದುವೆಗಳ ಕಾಲವೂ ಆಗಿತ್ತು. ಹೋಗಿ ಕೂಗಾಡಿದ ಮೇಲೆ ಒಬ್ಬರನ್ನೇ ಗೊತ್ತುಮಾಡಿದರು. ಈ ಹೊಸ ಸಿಸ್ಟರ್ ಮಧ್ಯಾಹ್ನ ಎರಡರ ಮೇಲೆ ಫೋನ್ ಮಾಡುತ್ತಾರೆ, ನನ್ನ ಸುಳ್ಳನ್ನು ದನಿಯಲ್ಲೇ ಹಿಡಿಯುತ್ತಾರೆ. ಕಳೆದ ಸಲ 7.2 ಬಂತು.

ಜುಲೈನಲ್ಲಿ ಮೂರನೇ ವರ್ಷದ ಹಣ ಕಟ್ಟಬೇಕು, ಕಟ್ಟುತ್ತೇನೆ. ಆ್ಯಪ್ ಬೇಡ, ಅದರ ಪಾಲು ಕಳೆದು ಹೇಳಿ ಎಂದು ಕೇಳುವವನಿದ್ದೇನೆ. ಆಗುವುದಿಲ್ಲ ಎಂದು ಕೌಂಟರಿನ ಹುಡುಗಿ ಈಗಾಗಲೇ ಎರಡು ಸಲ ಹೇಳಿದ್ದಾಳೆ. ಮಂಡಿಯಲ್ಲಿ ಮೊದಲ ಕೂಗಿಗೇ ಯಾರೂ ಸರಕು ಬಿಡುವುದಿಲ್ಲ.