‘ಸೀಸನ್ ಮುಗಿಯುತ್ತಿದೆ, ಬೇಗ ತೆಗೆದುಕೊಳ್ಳಿ’ ಎಂದು ಗೌಲ್ಡಿಯನ್ ಜೋಡಿ ಮಾರುವವರ ಬಗ್ಗೆ ಎಚ್ಚರಿಕೆ

ಕಾಳು ತಿನ್ನುವ ಪುಟ್ಟ ಪಂಜರದ ಹಕ್ಕಿಗಳಾದ ಫಿಂಚ್ ಸಾಕುವವರಿಗೆ, ಅದರಲ್ಲೂ ಗೌಲ್ಡಿಯನ್ ಎಂಬ ಬಣ್ಣಬಣ್ಣದ ಫಿಂಚ್ ಜೋಡಿಗಾಗಿ ಈಗ ವಿಚಾರಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ‘ಎರಡು ವರ್ಷದ ಬ್ರೀಡಿಂಗ್ ಪೇರ್, ಸೀಸನ್ ಮುಗಿಯುವುದರೊಳಗೆ ಗೂಡಿಗೆ ಬಿಡಿ’ ಎಂದು, ಅಂದರೆ ಮರಿ ಮಾಡುವ ಕಾಲ ಮುಗಿಯುವ ಮುಂಚೆ ಜೋಡಿಯನ್ನು ಮರಿ ಮಾಡಲು ಬಿಡಿ ಎಂದು ಹೇಳಿ, ಮರಿಗರಿಗಳು ಇನ್ನೂ ಪೂರ್ತಿ ಉದುರದ ಹೆಣ್ಣೊಂದನ್ನು ನನಗೆ ಮಾರಿದರು. ಆ ಹೆಣ್ಣು ಮೊಟ್ಟೆ ಸಿಕ್ಕಿಹಾಕಿಕೊಂಡು ಸತ್ತಿತು. ಮಾರಿದವರು ಮಾತ್ರ ಇಂದಿಗೂ ದೋಷವೆಲ್ಲ ನನ್ನ ಮನೆಯ ನೀರು, ಆಹಾರದ್ದೆಂದೇ ವಾದಿಸುತ್ತಿದ್ದಾರೆ.

ವ್ಯವಹಾರ ಎಲ್ಲರದೂ ನಡೆಯುವಂತೆಯೇ ನಡೆಯಿತು: ಫೋಟೊ ಬಂತು, ವಿಡಿಯೊ ಬಂತು, ಮುಂಗಡ ಹೋಯಿತು. ಗಂಡಿನ ವಿಷಯದಲ್ಲಿ ದೂರಲು ಏನೂ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅದರ ಕೊಕ್ಕು ಮುತ್ತಿನಂತೆ ಬೆಳ್ಳಗಾಗಿ ತುದಿಯಲ್ಲಿ ಕೆಂಪು ಹೊಳೆಯುತ್ತಿತ್ತು, ಕಡ್ಡಿಯ ಮೇಲೆ ಎದೆಯುಬ್ಬಿಸಿ ಕುಪ್ಪಳಿಸುತ್ತ ಹಾಡುತ್ತಿತ್ತು. ಹೆಣ್ಣಿನ ಕಪ್ಪು ತಲೆಯಲ್ಲಿ ಮಾತ್ರ ಕೆನ್ನೆಯ ಮೇಲೂ ಕತ್ತಿನ ಹಿಂದೆಯೂ ಬೂದು ಬಣ್ಣದ ತೇಪೆಗಳಿದ್ದವು. ಇದೇಕೆ ಹೀಗಿದೆ ಎಂದು ಕೇಳಿದಾಗ ಬಂದ ಉತ್ತರವನ್ನು ಹಾಗೆಯೇ ಕೊಡುತ್ತೇನೆ: ‘ಸರ್, ಅದು ಸ್ಮೋಕಿ ಹೆಡ್. ಅಪರೂಪದ ಬಣ್ಣ. ನಿಮ್ಮಂಥ ಆಸಕ್ತರಿಗೆ ಮಾತ್ರ ಕೊಡುತ್ತಿದ್ದೇನೆ, ಎಲ್ಲರಿಗೂ ಇದರ ಬೆಲೆ ತಿಳಿಯುವುದಿಲ್ಲ.’ ಆ ಅಪರೂಪದ ಬಣ್ಣಕ್ಕೆಂದು ಮಾಮೂಲು ಜೋಡಿಗಿಂತ ಹೆಚ್ಚಿನ ಹಣವನ್ನೂ ಪಡೆದರು. ಒಂದು ದಿನ ಯೋಚಿಸಿ ಹೇಳುತ್ತೇನೆ ಎಂದಾಗ, ‘ಯೋಚಿಸಿ ಸರ್, ಆದರೆ ಸೀಸನ್ ನಿಮಗಾಗಿ ಕಾಯುವುದಿಲ್ಲ’ ಎಂದರು. ಹೆಣ್ಣಿನ ಕಾಲಿನಲ್ಲಿದ್ದ ರಿಂಗ್ ತೋರಿಸಿ ಅದೇ ವಯಸ್ಸಿಗೆ ಸಾಕ್ಷಿ ಎಂದೂ ಹೇಳಿದರು. ಅದು ಬಾಯಿ ಬಿಟ್ಟುಕೊಳ್ಳುವ ಪ್ಲಾಸ್ಟಿಕ್ ರಿಂಗ್. ನಿನ್ನೆ ಬೇಕಾದರೂ ಹಾಕಬಹುದಾದದ್ದು. ವಯಸ್ಸಿಗೆ ಆಧಾರವಾಗುವುದು ಮರಿ ಗೂಡಿನಲ್ಲಿದ್ದಾಗಲೇ ತೊಡಿಸುವ, ವರ್ಷ ಕೆತ್ತಿರುವ, ಬೆಳೆದ ಹಕ್ಕಿಯ ಪಾದದಲ್ಲಿ ತೂರದ ಮುಚ್ಚಿದ ರಿಂಗ್ ಮಾತ್ರ.

ಈ ಸೀಸನ್ ಎಂಬ ಮಾತನ್ನೇ ಹಿಡಿದು ಅವರು ನನ್ನನ್ನು ಅವಸರಕ್ಕೆ ದೂಡಿದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಗೌಲ್ಡಿಯನ್ ಹಕ್ಕಿಗೆ ಕಾಲದ ಲೆಕ್ಕ ಇರುವುದು ನಿಜ. ಉತ್ತರ ಆಸ್ಟ್ರೇಲಿಯಾದ ಅದರ ತವರಿನಲ್ಲಿ ಮಳೆಗಾಲದ ಕೊನೆಯಿಂದ ಒಣಗಾಲದವರೆಗೆ, ಹುಲ್ಲಿನ ಬೀಜ ಹೇರಳವಾಗಿ ಸಿಗುವಾಗ, ಅದು ನೀಲಗಿರಿ ಜಾತಿಯ ಮರಗಳ ಪೊಟರೆಗಳಲ್ಲಿ ಗೂಡು ಮಾಡುತ್ತದೆ. ಮರಿ ಮಾಡಿ ಮುಗಿದ ಮೇಲೆ ಗರಿ ಬದಲಿಸುತ್ತದೆ. ಮನೆಗಳಲ್ಲಿ ಸಾಕುವ ಇನ್ನೊಂದು ಫಿಂಚ್ ಆದ ಜೀಬ್ರಾ ಫಿಂಚ್‌ಗೆ ಆ ಕಟ್ಟುಪಾಡೂ ಇಲ್ಲ. ಅದು ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದಾಗಲೆಲ್ಲ ಮರಿ ಮಾಡುವ ಹಕ್ಕಿಯಾದ್ದರಿಂದ, ಕಾಳು, ನೀರು, ಗೂಡು ಮೂರೂ ಸದಾ ಇರುವ ಪಂಜರದಲ್ಲಿ ವರ್ಷವಿಡೀ ಮೊಟ್ಟೆಯಿಡುತ್ತಲೇ ಹೋಗುತ್ತದೆ, ಸಾಕುವವನೇ ಗೂಡು ತೆಗೆದು ಅದಕ್ಕೆ ವಿಶ್ರಾಂತಿ ಕೊಡಬೇಕಾಗುತ್ತದೆ. ಹೀಗಿರುವಾಗ ಸೀಸನ್ ಎಂಬುದು ಅಂಗಡಿಯ ಬಾಗಿಲಿನಂತೆ ಒಂದು ಸಂಜೆ ಮುಚ್ಚಿಹೋಗುವುದು ಹೇಗೆ? ಹಕ್ಕಿಯ ವಯಸ್ಸು, ಗರಿ, ಕೊಕ್ಕು ಮೂರೂ ಸಿದ್ಧವಾದ ಮೇಲೆಯೇ ಅದರ ಸೀಸನ್. ಹದಕ್ಕೆ ಬಂದ ಗೌಲ್ಡಿಯನ್ ಹೆಣ್ಣಿನ ಕೊಕ್ಕು ಕಪ್ಪಗಾಗುತ್ತ ಹೋಗುತ್ತದೆ. ನನಗೆ ಕೊಟ್ಟ ಹೆಣ್ಣಿನ ಕೊಕ್ಕು ತಿಳಿ ಬಣ್ಣದಲ್ಲೇ ಇತ್ತು. ಅದನ್ನೂ ಕೇಳಿದ್ದೆ. ‘ಗೂಡಿಗೆ ಬಿಟ್ಟ ಮೇಲೆ ಕಪ್ಪಾಗುತ್ತದೆ ಸರ್’ ಎಂದಿದ್ದರು.

ಗೂಡುಪೆಟ್ಟಿಗೆ ಕಟ್ಟಿದ್ದಾಯಿತು, ತೆಂಗಿನ ನಾರು ಹಾಕಿದ್ದಾಯಿತು, ಕ್ಯಾಲ್ಸಿಯಂಗೆಂದು ಹಕ್ಕಿ ಕೆರೆದು ತಿನ್ನುವ ಕಟಲ್‌ಬೋನ್ ಮೊದಲ ದಿನದಿಂದಲೇ ತೂಗುಹಾಕಿತ್ತು. ಗಂಡು ಹೆಣ್ಣನ್ನು ಒಂದು ಗಳಿಗೆಯೂ ಬಿಡದೆ ಗೂಡಿನತ್ತ ಕರೆಯುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಈ ಸ್ಮೋಕಿ ಹೆಡ್ ಹಕ್ಕಿಯ ಫೋಟೊವನ್ನು ನಾನು ಫಿಂಚ್ ಸಾಕುವ ಪರಿಚಿತರಿಗೆಲ್ಲ ಕಳುಹಿಸಿದ್ದೆ. ಬೇರೆಯವರೆಲ್ಲ ಚೆನ್ನಾಗಿದೆ ಎಂದರೆ, ಹಿರಿಯರೊಬ್ಬರು ಮಾತ್ರ ‘ಇದು ಇನ್ನೂ ಮರಿಯಲ್ಲವೇನಪ್ಪಾ?’ ಎಂದು ಒಂದೇ ಸಾಲು ಬರೆದಿದ್ದರು. ನಾನು ಅವರಿಗೆ ಮಾರಿದವರ ಮಾತನ್ನೇ ಉರುಹೊಡೆದವನಂತೆ ಒಪ್ಪಿಸಿದೆ. ಅವರು ಮತ್ತೇನೂ ಬರೆಯಲಿಲ್ಲ.

ಆಮೇಲೊಂದು ಬೆಳಿಗ್ಗೆ ಕಾಳಿನ ತಟ್ಟೆ ತೆಗೆಯುವಾಗ ಹೆಣ್ಣು ಕೆಳಗಿನ ಕಡ್ಡಿಯ ಮೇಲೆ, ನನ್ನ ಕಣ್ಣಿಗೆ ಸಮನಾಗಿ, ಬೆಳಕಿಗೆ ಕೆನ್ನೆ ಕೊಟ್ಟು ಕುಳಿತಿತ್ತು. ಬೂದು ತೇಪೆಯೊಳಗಿಂದ ಸೂಜಿಮೊನೆಯಂತಹ ಸಣ್ಣ ಕಡ್ಡಿಗಳು ಸಾಲಾಗಿ ಎದ್ದಿದ್ದವು. ಒಂದೊಂದರ ತುದಿ ಬಿರಿದು ಅಚ್ಚ ಕಪ್ಪು ಗರಿ ಇಣುಕುತ್ತಿತ್ತು. ಕೊಂಡ ದಿನದ ಫೋಟೊ ತೆಗೆದು ಪಕ್ಕಕ್ಕೆ ಹಿಡಿದು ನೋಡಿದೆ. ಅಂದು ಕೆನ್ನೆ ತುಂಬ ಇದ್ದ ಬೂದು ಈಗ ಬಟಾಣಿಯಷ್ಟೂ ಉಳಿದಿರಲಿಲ್ಲ, ಕತ್ತಿನ ಹಿಂದಿನದು ಪೂರ್ತಿ ಮಾಯವಾಗಿತ್ತು. ಹೆಚ್ಚಿನ ಬೆಲೆ ಕೊಟ್ಟು ಕೊಂಡ ಅಪರೂಪದ ಬಣ್ಣ ನನ್ನ ಕಣ್ಣೆದುರೇ ಉದುರಿಹೋಗುತ್ತಿತ್ತು! ಗೌಲ್ಡಿಯನ್ ಮರಿಗಳ ತಲೆ ಬೂದು, ಬೆನ್ನು ಮಂಕು ಹಸಿರು. ತಿಂಗಳುಗಳ ಕಾಲ ಗರಿ ಬದಲಿಸುತ್ತ ಬಂದು ಅವು ದೊಡ್ಡ ಹಕ್ಕಿಯ ಬಣ್ಣ ತಳೆಯುತ್ತವೆ. ನನ್ನ ಪಂಜರದಲ್ಲಿದ್ದದ್ದು ಎರಡು ವರ್ಷದ ಹೆಣ್ಣಲ್ಲ, ಆ ಬದಲಾವಣೆಯ ಕೊನೆಯ ಹಂತದಲ್ಲಿದ್ದ ಮರಿ. ಸ್ಮೋಕಿ ಹೆಡ್ ಅಂತೆ! ಆ ಹಿರಿಯರು ಕೇಳಿದ ಒಂದು ಸಾಲು ನೆನಪಾಗಿ ಮೈಯೆಲ್ಲ ಉರಿಯಿತು. ಗೂಡುಪೆಟ್ಟಿಗೆ ತೆಗೆದುಬಿಡೋಣವೆಂದು ಮುಚ್ಚಳ ಎತ್ತಿದರೆ, ಒಳಗೆ ಆಗಲೇ ಮೊದಲ ಮೊಟ್ಟೆ ಬಿದ್ದಿತ್ತು. ಅದರ ಚಿಪ್ಪು ಗಟ್ಟಿಯಾಗದೆ ಒಂದು ಬದಿ ಕುಸಿದು, ಬೆರಳು ತಾಗಿದರೆ ತಗ್ಗುವಂತಿತ್ತು.

ಗರಿ ಬೆಳೆಯುವ ಹೊತ್ತಿನಲ್ಲಿ ಮೊಟ್ಟೆ ಇಡಬಾರದು ಎನ್ನುವುದಕ್ಕೆ ಕಾರಣವಿದೆ. ಗರಿ ಕಟ್ಟುವುದಕ್ಕೂ ಪ್ರೋಟೀನ್ ಬೇಕು, ಮೊಟ್ಟೆಗೂ ಬೇಕು. ಚಿಪ್ಪಿಗೆ ಕ್ಯಾಲ್ಸಿಯಂ ಬೇಕು, ಸಿದ್ಧವಾದ ಮೊಟ್ಟೆಯನ್ನು ಹೊರತಳ್ಳುವ ಸ್ನಾಯು ಕುಗ್ಗುವುದಕ್ಕೂ ಅದೇ ಕ್ಯಾಲ್ಸಿಯಂ ಬೇಕು. ಅದು ಸಾಲದೇ ಹೋದರೆ ಮೊಟ್ಟೆ ಮೆತ್ತಗೂ ಆಗುತ್ತದೆ, ಹೊರಬಾರದೆ ನಿಂತೂ ಬಿಡುತ್ತದೆ. ಮೈಯೇ ಪೂರ್ತಿ ಬಲಿಯದ ಹೆಣ್ಣಿಗೆ ಈ ಅಪಾಯ ಇನ್ನೂ ಹೆಚ್ಚು. ಮರುದಿನ ಅದು ಪಂಜರದ ನೆಲದಲ್ಲಿ ಮೈ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಉಸಿರಿಗೊಮ್ಮೆ ಬಾಲ ಕುಣಿಸುತ್ತ ಕುಳಿತಿತ್ತು. ಬೇರೆ ಪೆಟ್ಟಿಗೆಗೆ ಹಾಕಿ ಬಲ್ಬಿನ ಶಾಖ ಕೊಟ್ಟು ಪಶುವೈದ್ಯರ ಬಳಿಗೆ ಒಯ್ದೆ. ಅವರು ಕ್ಯಾಲ್ಸಿಯಂ ಕೊಟ್ಟರು, ಕೈಲಾದದ್ದನ್ನೆಲ್ಲ ಮಾಡಿದರು. ಹಕ್ಕಿ ಉಳಿಯಲಿಲ್ಲ.

ಇನ್ನು ಮಾರಿದವರ ಉತ್ತರಗಳು. ಮೆತ್ತನೆಯ ಮೊಟ್ಟೆಯ ಫೋಟೊ ಕಳುಹಿಸಿದಾಗ ‘ಮೊದಲ ಮೊಟ್ಟೆ ಹಾಗೇ ಸರ್, ಎರಡನೆಯದು ಸರಿಹೋಗುತ್ತದೆ’ ಎಂದರು. ಹಕ್ಕಿ ನೆಲಕ್ಕಿಳಿದಿದೆ ಎಂದಾಗ ‘ಕಾವಿಗೆ ಕೂರುವ ಮುಂಚೆ ಹಾಗೆ ಮಾಡುತ್ತದೆ’ ಎಂದರು. ಸತ್ತಿತು ಎಂದು ತಿಳಿಸಿದ ಮೇಲೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ‘ನಿಮ್ಮಲ್ಲಿ ಯಾವ ನೀರು ಕೊಡುತ್ತೀರಿ?’ ಎಂಬ ಪ್ರಶ್ನೆ ಬಂತು. ಬೂದು ಬಣ್ಣ ಎಲ್ಲಿಗೆ ಹೋಯಿತೆಂದು ಎರಡೂ ಫೋಟೊ ಜೋಡಿಸಿ ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ‘ನಿಮ್ಮ ಫೀಡಿಂಗ್ ಚೆನ್ನಾಗಿರುವುದರಿಂದ ಬಣ್ಣ ಏರಿದೆ ಸರ್’ ಎಂದರು! ಅದೇ ಫೀಡಿಂಗಿನಿಂದ ಹಕ್ಕಿ ಸತ್ತಿತೆಂದು ಹೇಳಿದವರೂ ಅದೇ ಸಂಜೆ ಅವರೇ. ಹಣ ಹಿಂದಿರುಗಿಸಿ ಎಂದಾಗ ‘ಜೀವವಿರುವ ವಸ್ತುವಿಗೆ ಗ್ಯಾರಂಟಿ ಇಲ್ಲ’ ಎಂಬ ಮಾತು ಬಂತು. ನಾನು ಕೇಳಿದ್ದು ಜೀವದ ಗ್ಯಾರಂಟಿಯಲ್ಲ. ಎರಡು ವರ್ಷ ಎಂದು ಹೇಳಿ ಮರಿಯನ್ನು ಕೊಟ್ಟದ್ದೇಕೆ ಎಂದು ಕೇಳಿದ್ದು. ಆ ಪ್ರಶ್ನೆಗೆ ಈವರೆಗೆ ಒಂದಕ್ಷರದ ಉತ್ತರ ಬಂದಿಲ್ಲ.

ಆದ್ದರಿಂದ, ಕೊಳ್ಳುವವರು ತಲೆ, ಕತ್ತು, ಬೆನ್ನಿನಲ್ಲಿ ಒಂದೇ ಒಂದು ಬೂದು ಗರಿ ಕಂಡರೂ ಅದನ್ನು ಮರಿಯೆಂದೇ ತಿಳಿಯಿರಿ, ಮಾರುವವರು ಅದಕ್ಕೆ ಯಾವ ಸೊಗಸಾದ ಹೆಸರನ್ನಾದರೂ ಇಡಲಿ. ಗಂಡು ಎಷ್ಟೇ ಕುಣಿದರೂ ಹೆಣ್ಣಿನ ಕೊಕ್ಕನ್ನು ನೋಡಿ. ವಿಡಿಯೊದಲ್ಲಿ ಕ್ಯಾಮೆರಾ ಗಂಡಿನ ಮೇಲೆಯೇ ನಿಂತಿದ್ದರೆ ಹೆಣ್ಣನ್ನು ಹತ್ತಿರದಿಂದ, ಹಗಲಿನ ಬೆಳಕಿನಲ್ಲಿ ತೋರಿಸಲು ಹೇಳಿ. ಮರಿ ಹೆಣ್ಣನ್ನೇ ಕೊಂಡಿದ್ದರೆ ಗಂಡಿನಿಂದ ಬೇರ್ಪಡಿಸಿಡಿ. ಗೌಲ್ಡಿಯನ್ ಹೆಣ್ಣಿಗೆ ಒಂದು ವರ್ಷ ತುಂಬಿ ಗರಿ ಪೂರ್ತಿಯಾಗುವವರೆಗೆ, ಜೀಬ್ರಾ ಹೆಣ್ಣಿಗೆ ಕನಿಷ್ಠ ಆರು ತಿಂಗಳಾಗುವವರೆಗೆ, ಪಂಜರದಲ್ಲಿ ಗೂಡುಪೆಟ್ಟಿಗೆಯೇ ಇರಕೂಡದು. ಸೀಸನ್ ಮುಗಿಯುತ್ತದೆ ಎಂದು ಅವಸರಪಡಿಸಿದರೆ ಮುಗಿಯಲಿ ಬಿಡಿ, ಮುಂದಿನ ವರ್ಷವೂ ಬರುತ್ತದೆ.

ನನ್ನ ಬಳಿ ಉಳಿದಿರುವ ಗಂಡಿಗೆ ಅವರು ಈಗ ಇನ್ನೊಂದು ಹೆಣ್ಣನ್ನು ‘ನಿಮಗೋಸ್ಕರ ಅರ್ಧ ಬೆಲೆಗೆ’ ಕೊಡುತ್ತಾರಂತೆ. ಅದರ ಫೋಟೊ ಮೊನ್ನೆ ಕಳುಹಿಸಿದ್ದಾರೆ. ಅದರ ಕತ್ತಿನ ಹಿಂದೆಯೂ ಬೂದು ಇದೆ.