ನಾಲ್ಕು ಮಳೆಗಾಲ ಮೈಲುತುತ್ತು ತೂಗಿದ ತಕ್ಕಡಿ

ಪೆರ್ಲದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಕೊಳೆರೋಗಕ್ಕೆ ವರ್ಷಕ್ಕೆ ಎರಡು ಸಲ ಬೋರ್ಡೋ ಮದ್ದು ಬಿಡಿಸುತ್ತೇವೆ. ಮಳೆ ಹಿಡಿಯುವ ಮೊದಲು ಒಂದು, ಅದಾಗಿ 40-45 ದಿನಕ್ಕೆ ಇನ್ನೊಂದು. ಲೆಕ್ಕ ಎಲ್ಲರಿಗೂ ಗೊತ್ತು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್, ನಾವು ಬರೀ ತುತ್ತು ಎನ್ನುವುದೂ ಇದನ್ನೇ), 1 ಕಿಲೋ ಸುಣ್ಣ. ತೂಗುವುದು ಯಾವುದರಲ್ಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ. ಮನೆಯಲ್ಲಿ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇತ್ತು, ಅದರಲ್ಲೇ ತೂಗುತ್ತಿದ್ದೆವು. ಒಂದು ದಿನ ಮದ್ದು ಬಿಡುವವನು ಮರದಿಂದ ಇಳಿದವನೇ, "ಅಣ್ಣಾ, ಬೆಳಗ್ಗಿನ ಡ್ರಮ್ಮಿನ ಬಣ್ಣ ಬೇರೆ, ಇದರದ್ದು ಬೇರೆ" ಎಂದ. ನೋಡಿದರೆ ಹೌದು. ಬೆಳಗ್ಗಿನದ್ದು ಒಳ್ಳೆಯ ಆಕಾಶನೀಲಿ, ಇದು ಹಸಿರು ತಿರುಗಿತ್ತು. ಅಂಗಡಿಯಿಂದ 1 ಕಿಲೋದ ತೂಕದ ಕಲ್ಲು ತಂದು ತೂಗಿದೆ. ಮುಳ್ಳು ಒಮ್ಮೆ 850ಕ್ಕೆ ನಿಂತಿತು, ಬೆರಳಲ್ಲಿ ತಟ್ಟಿದರೆ 950ಕ್ಕೆ ಹೋಯಿತು. ತುಕ್ಕು ಹಿಡಿದು ಅಂಟುತ್ತಿತ್ತು. ಸುಣ್ಣ ಕಡಿಮೆ ಬಿದ್ದರೆ ತುತ್ತು ಹಿಂಗಾರವನ್ನೂ (ಅಡಿಕೆಯ ಹೂಗೊನೆ) ಎಳೆಕಾಯಿಯನ್ನೂ ಸುಡುತ್ತದೆ. ಎರಡೂ ಕಡಿಮೆಯಾದರೆ ಕೊಳೆ ನಿಲ್ಲುವುದಿಲ್ಲ. ಅಷ್ಟು ಕೂಲಿ ಕೊಟ್ಟು, ಅಷ್ಟು ಎತ್ತರಕ್ಕೆ ಒಬ್ಬನನ್ನು ಹತ್ತಿಸಿ ತಪ್ಪು ಮದ್ದು ಬಿಡಿಸುವುದಾ ಎಂದು ಹೊಟ್ಟೆ ಉರಿಯಿತು.

ಮೊದಲು ತರಿಸಿದ್ದು ಚಿನ್ನ ತೂಗುವಂಥ ಕಿಸೆ ತಕ್ಕಡಿ. 0.01 ಗ್ರಾಂ ತೋರಿಸುತ್ತದೆ, 500 ಗ್ರಾಂವರೆಗೆ ತಡೆಯುತ್ತದೆ. ನಮ್ಮ ಕೆಲಸಕ್ಕೆ ಅದು ಆಗಲಿಲ್ಲ. ಪ್ಲಾಸ್ಟಿಕ್ ಬೋಗುಣಿ ಇಟ್ಟರೆ ತಟ್ಟೆಯೇ ಕಾಣುವುದಿಲ್ಲ, ಜಗಲಿಯ ಗಾಳಿಗೇ ಅಂಕಿ ಓಡುತ್ತದೆ. ಬೇಡದ ಎರಡು ದಶಾಂಶಕ್ಕೆ ದುಡ್ಡು ಕೊಟ್ಟಿದ್ದೆ.

ಆಮೇಲೆ ತಂದದ್ದು ಅಡುಗೆಮನೆಯ ಸಾದಾ ಡಿಜಿಟಲ್ ತಕ್ಕಡಿ. 10 ಕಿಲೋವರೆಗೆ ತೂಗುತ್ತದೆ, 1 ಗ್ರಾಂ ಲೆಕ್ಕ, ಎರಡು ಸಣ್ಣ ಸೆಲ್ಲು. ನಾಲ್ಕು ಮಳೆಗಾಲ ಕಳೆದಿದೆ. 1 ಕಿಲೋದ ಕಲ್ಲಿಗೆ ಈಗಲೂ 999 ಅಥವಾ 1001 ತೋರಿಸುತ್ತದೆ. ನನಗೆ ಅಷ್ಟು ಧಾರಾಳ ಸಾಕು. ಕಾಳುಮೆಣಸಿನ ಬಳ್ಳಿಗೆ 16 ಲೀಟರಿನ ಬೆನ್ನಿನ ಪಂಪಿನಲ್ಲಿ ಬಿಡುವಾಗ ಬೇಕಾದದ್ದು 160 ಗ್ರಾಂ. ಅದನ್ನೂ ಸರಿಯಾಗಿ ತೂಗುತ್ತದೆ.

ಆದರೆ ಇದರದ್ದೊಂದು ದೊಡ್ಡ ಕುತ್ತ ಇದೆ. ಬೋಗುಣಿ ಇಟ್ಟು ಸೊನ್ನೆ ಮಾಡಿ, ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಅಂಕಿ ಅಲುಗುವುದೇ ಇಲ್ಲ. ಸೊನ್ನೆಯ ಹತ್ತಿರದ ಸಣ್ಣ ಬದಲಾವಣೆಯನ್ನು ಅದು ತಾನೇ ಸೊನ್ನೆ ಎಂದು ಸರಿಮಾಡಿಕೊಳ್ಳುತ್ತದೆ. ಒಮ್ಮೆ ಹೀಗೇ ಉದುರಿಸುತ್ತಾ ಕೂತು, ಅನುಮಾನ ಬಂದು ಬೋಗುಣಿ ಎತ್ತಿ ಪುನಃ ಇಟ್ಟೆ. ಅಂಕಿ 14 ಗ್ರಾಂ ಜಾಸ್ತಿಯಾಯಿತು! ಈಗ ಮೊದಲು ಒಂದು ದೊಡ್ಡ ಸೌಟು ಒಟ್ಟಿಗೆ ಹಾಕುತ್ತೇನೆ, ಚಿಟಿಕೆ ಹಾಕುವುದು ಕೊನೆಗೆ. ಮುಗಿದ ಮೇಲೆ ಬೋಗುಣಿ ಎತ್ತಿ ಇಟ್ಟು ಇನ್ನೊಮ್ಮೆ ನೋಡುತ್ತೇನೆ.

ಜಗಲಿಯ ನೆಲಕ್ಕೆ ನೀರು ಹರಿಯಲೆಂದು ಇಳಿಜಾರು ಇರುತ್ತದೆ ಅಲ್ವಾ, ಅಲ್ಲಿ ಇಡಬೇಡಿ. ನಾನು ಮಣೆಯ ಮೇಲೆ ಇಟ್ಟು, ಆನ್ ಮಾಡಿ ಐದು ನಿಮಿಷ ಬಿಟ್ಟು, ಕಲ್ಲು ಇಟ್ಟು ನೋಡಿದ ಮೇಲೆಯೇ ತೂಗಲು ಕೂರುವುದು. ಕಲ್ಲು ಇಲ್ಲದವರು ಅಳತೆ ಸರಿ ಇರುವ 1 ಲೀಟರ್ ನೀರನ್ನು ತೂಗಿ ನೋಡಬಹುದು. ಖಾಲಿ ಪಾತ್ರೆಯ ತೂಕ ಕಳೆದರೆ ಹೆಚ್ಚುಕಡಿಮೆ 1 ಕಿಲೋ ಬರಬೇಕು.

ಎರಡನೇ ವರ್ಷ ಅಡಿಮೇಲು ಮಾಡಿ ನೋಡಿದಾಗ ಬೆಚ್ಚಿದೆ. ತಳದ ಕಬ್ಬಿಣದ ಸ್ಕ್ರೂಗಳ ತಲೆ ತಾಮ್ರದ ಹಾಗೆ ಕೆಂಪಾಗಿತ್ತು, ಸೆಲ್ಲಿನ ತಗಡಿಗೆ ಹಸಿರು ಹಿಡಿದಿತ್ತು. ತುತ್ತಿನ ಪುಡಿ ಮಳೆಗಾಲದ ತೇವಕ್ಕೆ ಕರಗಿ ಒಳಗೆ ಇಳಿದಿತ್ತು. ಮದ್ದು ಸರಿಯಾಗಿದೆಯಾ ಎಂದು ನಾವು ಕತ್ತಿ ಅದ್ದಿ ನೋಡುವುದೂ ಇದನ್ನೇ. ಕತ್ತಿಯ ಅಲಗು ಕೆಂಪಾದರೆ ತುತ್ತು ಮಿಕ್ಕಿದೆ, ಇನ್ನೂ ಸುಣ್ಣ ಬೇಕು ಎಂದರ್ಥ. ಸೆಲ್ಲಿನ ತಗಡನ್ನು ಉಜ್ಜುಕಾಗದದಲ್ಲಿ ತಿಕ್ಕಿದೆ. ಅಂದಿನಿಂದ ತಕ್ಕಡಿಗೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿಯೇ ತೂಗುವುದು, ಅಂಕಿ ಹೊರಗಿನಿಂದಲೇ ಕಾಣುತ್ತದೆ. ಕೆಲಸ ಮುಗಿದ ಕೂಡಲೇ ಸೆಲ್ಲು ತೆಗೆದಿಡುತ್ತೇನೆ.

ಇನ್ನೊಂದು ಮಾತು. ತಕ್ಕಡಿ ತೂಕ ಹೇಳುತ್ತದೆ, ಸುಣ್ಣದ ಸತ್ವ ಹೇಳುವುದಿಲ್ಲ. ಗಾಳಿ ತಾಗಿ ಹಳತಾದ ಚಿಪ್ಪು ಸುಣ್ಣ 1 ಕಿಲೋ ಹಾಕಿದರೂ ಸಾಲದೇ ಹೋಗಬಹುದು. ಹಾಗಾಗಿ ತೂಗಿದ ಮೇಲೂ ಕತ್ತಿಯ ಪರೀಕ್ಷೆ ಬಿಡಬೇಡಿ. ಮದ್ದಿನ ಹುಳಿ-ಕ್ಷಾರ ತೋರಿಸುವ ಪಿಎಚ್ ಕಾಗದ ಸಿಕ್ಕಿದರೆ ಇನ್ನೂ ಒಳ್ಳೆಯದು.

ಅಪ್ಪನ ಕಾಲದ ಕೈತಕ್ಕಡಿಯೂ ಅಟ್ಟದಲ್ಲಿ ಇತ್ತು, ಇಳಿಸಿದ್ದೇನೆ. ನಿಧಾನ, ಕೈ ಸೋಲುತ್ತದೆ. ಆದರೆ ಸೆಲ್ಲು ಬೇಡ, ತೇವಕ್ಕೆ ಹೆದರುವುದಿಲ್ಲ. ಡಿಜಿಟಲ್ ಕೈಕೊಟ್ಟ ದಿನ ಕೆಲಸದವರನ್ನು ಸುಮ್ನೆ ಕೂರಿಸಬೇಕಾಗಿಲ್ಲ.

ಹೊಸದಾಗಿ ತರುವವರು ಗುಂಡಿಗಳ ಮೇಲೆ ರಬ್ಬರಿನ ಮುಚ್ಚಿಗೆ ಇರುವ, ತಟ್ಟೆ ಬಿಚ್ಚಿ ತೊಳೆಯಲು ಬರುವ ತಕ್ಕಡಿಯನ್ನೇ ನೋಡಿ. ಅಡುಗೆಮನೆಗೆ ಬೇರೆಯೇ ಇರಲಿ. ನಮ್ಮದರ ಬದಿಗೆ ಕೆಂಪು ಪೇಂಟಿನಲ್ಲಿ "ಮದ್ದು" ಎಂದು ಬರೆದಿಟ್ಟಿದ್ದೇನೆ.